ಊರ ನಾಯಿಯ ಕಜ್ಜಿಯೂ ಗ್ರಾಮದ ಕರ್ತವ್ಯವೂ

ಕನ್ನಡ ನಾಡಿನ ಹಳ್ಳಿಗಳಲ್ಲಿ ಒಬ್ಬನನ್ನು ಹೀನಾಯವಾಗಿ ಬೈಯಬೇಕಾದರೆ ‘ಕಜ್ಜಿನಾಯಿ’ ಎಂಬ ಒಂದು ಮಾತೇ ಸಾಕಾಗುತ್ತದೆ. ಒಬ್ಬನ ಬಾಳು ಕೆಟ್ಟಿತೆಂಬುದನ್ನು ತಿಳಿಸಬೇಕಾದರೆ ‘ನಾಯಿಪಾಡು’ ಎಂದರೆ ಸರ್ವರಿಗೂ ಅರ್ಥವಾಗುತ್ತದೆ. ಈ ಎರಡು ಮಾತುಗಳೂ ಊರಿನ ಬೀದಿಯಲ್ಲಿ ದಿನಂಪ್ರತಿ ಕಂಡ ದೃಶ್ಯದಿಂದಲೇ ಹುಟ್ಟಿಬಂದಂಥವುಗಳು. ರೋಮವೆಲ್ಲಾ ಉದುರಿ, ಚರ್ಮವು ದಪ್ಪವಾಗಿ ಸುಕ್ಕುಗಟ್ಟಿ, ಕೆರೆದು ಕೆರೆದು ರಕ್ತ ಒಸರುತ್ತಿರುವ ನಾಯಿಯೊಂದು ಅರಳಿಕಟ್ಟೆಯ ನೆರಳಿಗೆ ಬಂದರೆ ಮಕ್ಕಳು ಕಲ್ಲೆಸೆಯುತ್ತಾರೆ, ಹೆಂಗಸರು ಮೋರೆ ತಿರುಗಿಸುತ್ತಾರೆ, ಹಿರಿಯರು ‘ಇದಕ್ಕೊಂದು ಗತಿ ಕಾಣಿಸಬಾರದೆ’ ಎನ್ನುತ್ತಾರೆ. ಕಳೆದ ಸುಗ್ಗಿಯಲ್ಲಿ ಇದೇ ನಾಯಿಯು ಕಣದ ರಾಶಿಯನ್ನು ರಾತ್ರಿಯೆಲ್ಲಾ ಕಾದಿತ್ತೆಂಬುದು ಆಗ್ಗೆ ಯಾರ ನೆನಪಿಗೂ ಬರುವುದಿಲ್ಲ.

ಈ ರೋಗವು ಪೂರ್ವಕರ್ಮದ ಫಲವೂ ಅಲ್ಲ, ವಾಸಿಯಾಗದ ವ್ಯಾಧಿಯೂ ಅಲ್ಲ. ಇದರ ಕಾರಣವು ಗೊತ್ತಾಗಿ ಮೂರು ಶತಮಾನಗಳಿಗೂ ಹೆಚ್ಚು ಕಾಲವಾಗಿದೆ. ಚಿಕಿತ್ಸೆಯು ಪ್ರತಿಯೊಬ್ಬ ಪಶುವೈದ್ಯರಿಗೂ ತಿಳಿದಿರುವ ವಿಷಯವಾಗಿದೆ. ಹೀಗಿದ್ದರೂ ರೋಗವು ಹಳ್ಳಿಗಳಲ್ಲಿ ಉಳಿದಿರುವುದಕ್ಕೆ ಮುಖ್ಯ ಕಾರಣವೇನೆಂದರೆ, ಊರ ನಾಯಿಯು ಯಾರ ಸೊತ್ತೆಂಬುದು ನಿಷ್ಕರ್ಷೆಯಾಗದಿರುವುದೇ ಆಗಿದೆ. ಎತ್ತಿಗೆ ಒಡೆಯನುಂಟು, ಕುರಿಗೆ ಒಡೆಯನುಂಟು, ಅವಕ್ಕೆ ಜಾಡ್ಯ ತಗಲಿದರೆ ಒಡೆಯನು ವೈದ್ಯರಲ್ಲಿಗೆ ಓಡುತ್ತಾನೆ. ಊರ ನಾಯಿಯಾದರೋ ಹತ್ತು ಮನೆಯ ತುತ್ತನ್ನು ತಿಂದು ಹತ್ತು ಮನೆಯನ್ನು ಕಾಯ್ದರೂ, ರೋಗ ಬಂದ ದಿನ ಯಾರದೂ ಅಲ್ಲದ್ದಾಗುತ್ತದೆ. ಆದರೆ ನಾಯಿಯ ವಂಶವನ್ನು ಕುರಿತು ಈಚಿನ ವರ್ಷಗಳಲ್ಲಿ ನಡೆದಿರುವ ಶೋಧನೆಗಳನ್ನೂ ಚರ್ಮರೋಗಗಳನ್ನು ಕುರಿತು ನಡೆದಿರುವ ಶೋಧನೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವು ದೊರೆಯುತ್ತದೆ. ನಾಯಿಯು ಊರಿನದು, ಅದರ ರೋಗದ ಹೊಣೆಯೂ ಊರಿನದೇ.

ನಾಯಿಯ ಪೂರ್ವವೃತ್ತಾಂತ

ದನ, ಕುರಿ, ಮೇಕೆ, ಕೋಳಿ ಮುಂತಾದವುಗಳೆಲ್ಲಕ್ಕಿಂತಲೂ ಮುಂಚೆ ಮನುಷ್ಯನ ಬಳಿ ಸೇರಿದ ಪ್ರಾಣಿಯು ನಾಯಿಯೇ ಎಂಬುದು ಈಗ ಸರ್ವಸಮ್ಮತವಾಗಿದೆ. ನೇಗಿಲು ಹುಟ್ಟುವುದಕ್ಕೆ ಎಷ್ಟೋ ಮೊದಲೇ, ಜನರು ಬೇಟೆಯಾಡಿ ಜೀವಿಸುತ್ತಿದ್ದ ಕಾಲದಲ್ಲಿ, ತೋಳದ ಒಂದು ಸಂತತಿಯು ಮನುಷ್ಯರ ಬೀಡಿನ ಸುತ್ತ ಸುಳಿದಾಡಿ ಕ್ರಮೇಣ ನಾಯಿಯಾಯಿತು. ಹಳೆಯ ಮೂಳೆಗಳಿಂದ ವಂಶವಾಹಿಗಳನ್ನು, ಎಂದರೆ ತಂದೆತಾಯಿಗಳಿಂದ ಮರಿಗೆ ಇಳಿದು ಬರುವ ಗುಣಗಳ ಬೀಜಗಳನ್ನು, ತೆಗೆದು ಓದುವ ವಿದ್ಯೆಯು ಈಗ ಬಹಳ ಮುಂದುವರಿದಿದೆ. ಹೀಗೆ ೨೭ ಪುರಾತನ ನಾಯಿಗಳ ಅವಶೇಷಗಳನ್ನು ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದ ಶೋಧನೆಯಿಂದ, ೧೧,೦೦೦ ವರ್ಷಗಳಷ್ಟು ಹಿಂದೆಯೇ ನಾಯಿಗಳಲ್ಲಿ ಕನಿಷ್ಠ ಐದು ಬೇರೆ ಬೇರೆ ವಂಶಗಳು ಏರ್ಪಟ್ಟಿದ್ದವೆಂದು ತಿಳಿದುಬಂದಿದೆ.

ಇದಕ್ಕೂ ಹಿಂದಿನದಾದ ಒಂದು ಸಾಕ್ಷ್ಯವು ಗಮನಿಸತಕ್ಕದ್ದಾಗಿದೆ. ಜರ್ಮನಿ ದೇಶದ ಬಾನ್ ಪಟ್ಟಣದ ಬಳಿಯ ಓಬರ್‌ಕಾಸೆಲ್ ಎಂಬಲ್ಲಿ ೧೯೧೪ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಸಮಾಧಿಯು ಸಿಕ್ಕಿತು. ಅದರಲ್ಲಿ ಒಬ್ಬ ಗಂಡಸಿನ, ಒಬ್ಬ ಹೆಂಗಸಿನ ಅಸ್ಥಿಗಳೊಡನೆ ಒಂದು ನಾಯಿಮರಿಯ ಅಸ್ಥಿಗಳೂ ಇದ್ದವು. ಅವು ಸುಮಾರು ೧೪,೦೦೦ ವರ್ಷಗಳಷ್ಟು ಹಳೆಯವು. ಆ ಮರಿಯ ಹಲ್ಲುಗಳನ್ನು ಪರೀಕ್ಷಿಸಿದ ವಿದ್ವಾಂಸರು ೨೦೧೮ರಲ್ಲಿ ಪ್ರಕಟಿಸಿದ ಅಭಿಪ್ರಾಯವೇನೆಂದರೆ, ಆ ಮರಿಗೆ ಡಿಸ್ಟೆಂಪರ್ ಎಂಬ ಅಂಟುಜಾಡ್ಯವು ತಗಲಿದ್ದಿರಬೇಕು. ಹಲವು ವಾರಗಳ ಕಾಲ ಅದು ನರಳಿರಬೇಕು. ಯಾರಾದರೂ ಮೈಯನ್ನು ಬೆಚ್ಚಗಿಟ್ಟು, ಶುಚಿಗೊಳಿಸಿ, ನೀರನ್ನೂ ಆಹಾರವನ್ನೂ ಕೊಟ್ಟು ಉಪಚರಿಸದೆ ಇದ್ದಿದ್ದರೆ ಅಷ್ಟು ದಿನ ಅದು ಬದುಕುತ್ತಿರಲಿಲ್ಲ ಎಂಬುದಾಗಿದೆ. ಕಾಯಿಲೆಯ ಮರಿಯಿಂದ ಆ ಬೇಟೆಗಾರರಿಗೆ ಯಾವ ಕೆಲಸವೂ ಆಗುತ್ತಿರಲಿಲ್ಲ. ಆದರೂ ಉಪಚರಿಸಿದರು, ಸತ್ತ ಮೇಲೆ ತಮ್ಮವರ ಮಗ್ಗುಲಲ್ಲಿಯೇ ಹೂಳಿದರು.

ಧಾನ್ಯದ ಋಣ

ಬೇಸಾಯವು ಪ್ರಾರಂಭವಾದ ಮೇಲೆ ನಾಯಿಯ ಶರೀರವೇ ಬದಲಾಯಿತು. ಸ್ವೀಡನ್ ದೇಶದ ಉಪ್ಸಾಲಾ ವಿಶ್ವವಿದ್ಯಾಲಯದ ಪಂಡಿತರು ೨೦೧೩ರಲ್ಲಿ ತೋಳದ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಧಾನ್ಯದಲ್ಲಿರುವ ಹಿಟ್ಟಿನ ಅಂಶವನ್ನು ಜೀರ್ಣ ಮಾಡುವ ರಸವನ್ನು ಉಂಟುಮಾಡುವ ವಂಶವಾಹಿಯು ತೋಳದಲ್ಲಿ ಎರಡು ಪ್ರತಿಗಳು ಮಾತ್ರ ಇದ್ದು, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೂ ಇರುವುದು ಕಂಡುಬಂದಿತು. ಬೇಸಾಯವನ್ನು ಅರಿಯದ ಜನರೊಡನೆ ಬಾಳಿದ ಆಸ್ಟ್ರೇಲಿಯದ ಡಿಂಗೊ ನಾಯಿಗಳಲ್ಲಿ ಈ ಹೆಚ್ಚಳವಿಲ್ಲ. ೨೦೧೬ರ ಮತ್ತೊಂದು ಶೋಧನೆಯಿಂದ ಯೂರೋಪಿನ ಬೇಸಾಯಗಾರರ ನಾಯಿಗಳಲ್ಲಿ ಈ ಬದಲಾವಣೆಯು ಸುಮಾರು ೭,೦೦೦ ವರ್ಷಗಳ ಹಿಂದೆಯೇ ಆಗಿತ್ತೆಂದು ಗೊತ್ತಾಗಿದೆ.

ಇದರ ತಾತ್ಪರ್ಯವನ್ನು ಬೇಸಾಯಗಾರರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಹಿತ್ತಲ ಬಾಗಿಲಲ್ಲಿ ರಾಗಿಮುದ್ದೆಯ ಚೂರನ್ನೋ ಜೋಳದ ರೊಟ್ಟಿಯ ತುಂಡನ್ನೋ ತಿಂದು ಅರಗಿಸಿಕೊಳ್ಳುವ ಶಕ್ತಿಯು ನಾಯಿಗೆ ಕಾಡಿನಿಂದ ಬಂದದ್ದಲ್ಲ, ಒಕ್ಕಲುತನದಿಂದ ಬಂದದ್ದು. ಎತ್ತಿನ ಹೆಗಲು ನೊಗಕ್ಕೆ ಹೊಂದಿಕೊಂಡಂತೆ ನಾಯಿಯ ಹೊಟ್ಟೆಯು ಒಕ್ಕಲಿನ ಮನೆಯ ಕೂಳಿಗೆ ಹೊಂದಿಕೊಂಡಿದೆ. ಇಂಥಾ ಪ್ರಾಣಿಯನ್ನು ‘ಬೀದಿಯ ಪಾಲಿನದು’ ಎಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಕಜ್ಜಿಯ ಸ್ವರೂಪ

ಮನುಷ್ಯರ ಕಜ್ಜಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವೇ ಕಾರಣವೆಂಬುದನ್ನು ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ ಎಂಬಿಬ್ಬರು ೧೬೮೭ರಲ್ಲಿಯೇ ಪ್ರಕಟಿಸಿದರು. ನಾಯಿಯ ತುರಿಕಜ್ಜಿಯನ್ನುಂಟುಮಾಡುವುದೂ ಅದೇ ಜಾತಿಯ ಹುಳುವಿನ ಮತ್ತೊಂದು ಬಗೆಯೇ. ಹೆಣ್ಣು ಹುಳುವು ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಎರಡು ಮೂರು ವಾರಗಳಲ್ಲಿ ಮೊಟ್ಟೆಯು ಬೆಳೆದ ಹುಳುವಾಗಿ ತಾನೂ ಬಿಲ ತೋಡಲಾರಂಭಿಸುತ್ತದೆ. ಮೊದಲು ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಕೀಲು, ಹೊಟ್ಟೆ ಇವುಗಳಲ್ಲಿ ರೋಮ ಉದುರಿ ಹಕ್ಕಳೆಗಟ್ಟುತ್ತದೆ. ಕಿವಿಯ ಅಂಚನ್ನು ಬೆರಳುಗಳಿಂದ ಉಜ್ಜಿದೊಡನೆ ನಾಯಿಯು ಹಿಂಗಾಲನ್ನು ಕೆರೆಯುವಂತೆ ಆಡಿಸಿದರೆ ಈ ರೋಗವೆಂದು ಬಲವಾಗಿ ಸಂಶಯಪಡಬಹುದು. ಇದು ಒಂದು ನಾಯಿಯಿಂದ ಮತ್ತೊಂದಕ್ಕೆ ಬೇಗನೆ ಅಂಟುವಂಥಾದ್ದು. ನಾಯಿಯನ್ನು ಮುಟ್ಟಿದವರಿಗೂ ತುರಿಕೆಯುಂಟಾಗಬಹುದು. ಆದರೆ ನಾಯಿಯ ಹುಳುವು ಮನುಷ್ಯನ ಮೈಯಲ್ಲಿ ನೆಲೆಗೊಂಡು ಬೆಳೆಯಲಾರದಾದ್ದರಿಂದ, ನಾಯಿಯು ಗುಣವಾದರೆ ಈ ತುರಿಕೆಯೂ ಹೋಗುತ್ತದೆ. ಹೋಗದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ಇದಲ್ಲದೆ ಡೆಮೊಡೆಕ್ಸ್ ಎಂಬ ಇನ್ನೊಂದು ಹುಳುವುಂಟು. ಇದು ಆರೋಗ್ಯವಾದ ನಾಯಿಗಳ ರೋಮದ ಬುಡದಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಇದ್ದೇ ಇರುತ್ತದೆ. ಮರಿಗಳು ಹಾಲು ಕುಡಿಯುವ ಮೊದಲ ದಿನಗಳಲ್ಲಿ ತಾಯಿಯಿಂದ ಅವಕ್ಕೆ ಬರುತ್ತದೆ. ಶರೀರದ ರೋಗನಿರೋಧಕ ಶಕ್ತಿಯು ಕುಗ್ಗಿದಾಗ ಮಾತ್ರ ಮಿತಿಮೀರಿ ಬೆಳೆದು ಮೈಯನ್ನು ಕೆಡಿಸುತ್ತದೆ. ಇದು ಒಂದರಿಂದೊಂದಕ್ಕೆ ಅಂಟುಜಾಡ್ಯದಂತೆ ಹರಡುವುದಿಲ್ಲವಾದರೂ ಕೆಲವು ವಂಶಗಳಲ್ಲಿ ಇಳಿದು ಬರುವ ಸ್ವಭಾವವುಳ್ಳದ್ದು. ಮೈತುಂಬ ಈ ರೋಗವು ಬಂದ ನಾಯಿಯಿಂದ ಮರಿ ಮಾಡಿಸಬಾರದು. ಎರಡು ರೋಗಗಳೂ ನೋಟಕ್ಕೆ ಹೋಲುವುದರಿಂದ, ಪಶುವೈದ್ಯರು ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ನಿಶ್ಚಯಿಸಬೇಕು.

ಚರ್ಮದ ಕಾವಲುಗಾರರು

ರೋಗಾಣುಗಳನ್ನು ತಡೆಯುವುದಕ್ಕಾಗಿ ಚರ್ಮವು ಡಿಫೆನ್ಸಿನ್ ಎಂಬ ಅತಿ ಸಣ್ಣ ಸಸಾರಜನಕ ಪದಾರ್ಥಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇವು ಚರ್ಮದ ಕಾವಲುಗಾರರಿದ್ದಂತೆ. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಬಾರ್ಶ್ ಎಂಬವರೂ ಅವರ ಸಹೋದ್ಯೋಗಿಗಳೂ ನಾಯಿಗಳ ಕಪ್ಪು ಬಣ್ಣದ ಮೂಲವನ್ನು ಹುಡುಕುತ್ತಿರುವಾಗ, ೨೦೦೭ರಲ್ಲಿ ಅದು ಇಂಥಾ ಒಂದು ಡಿಫೆನ್ಸಿನ್ ವಂಶವಾಹಿಯಲ್ಲಿಯೇ ಸಿಕ್ಕಿತು. ೨೦೦೯ರಲ್ಲಿ ಇನ್ನೊಂದು ಸಂಗತಿಯು ಹೊರಬಿದ್ದಿತು. ಉತ್ತರ ಅಮೆರಿಕದಲ್ಲಿ ಕಾಣುವ ಕಪ್ಪು ತೋಳಗಳಿಗೆ ಆ ಬಣ್ಣವು ಬಂದದ್ದು, ಸಾವಿರಾರು ವರ್ಷಗಳ ಹಿಂದೆ ಮನುಷ್ಯರ ನಾಯಿಗಳೊಡನೆ ಆದ ಸಂಪರ್ಕದಿಂದಲೇ. ಆ ದೇಶದ ಯೆಲ್ಲೊಸ್ಟೋನ್ ಎಂಬ ರಕ್ಷಿತಾರಣ್ಯದಲ್ಲಿ ಸುಮಾರು ಅರ್ಧದಷ್ಟು ತೋಳಗಳು ಕಪ್ಪಗಿವೆ. ಡಿಸ್ಟೆಂಪರ್ ಜಾಡ್ಯವು ಬಂದಾಗ, ಈ ವಂಶವಾಹಿಯ ಒಂದು ಪ್ರತಿಯುಳ್ಳ ಕಪ್ಪು ತೋಳಗಳು ಬೂದುಬಣ್ಣದವುಗಳಿಗಿಂತ ಹೆಚ್ಚಾಗಿ ಬದುಕಿ ಉಳಿಯುತ್ತವೆಂದು ೨೦೨೨ರಲ್ಲಿ ಪ್ರಕಟವಾದ ಶೋಧನೆಯು ತಿಳಿಸುತ್ತದೆ. ಆದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿಗಳು ಬಂದವುಗಳ ಆಯುಸ್ಸು ಕಡಿಮೆ. ಮನುಷ್ಯರಲ್ಲಿಯೂ ಇಂಥಾ ವಂಶವಾಹಿಗಳ ಪ್ರತಿಗಳು ಹೆಚ್ಚಾಗಿರುವವರಿಗೆ ಸೋರಿಯಾಸಿಸ್ ಎಂಬ ಚರ್ಮರೋಗವು ಬರುವ ಸಂಭವವು ಹೆಚ್ಚೆಂದು ೨೦೦೮ರಲ್ಲಿ ತಿಳಿದುಬಂದಿದೆ. ಕಾವಲು ಕಡಿಮೆಯಾದರೂ ಕೇಡು, ಅತಿಯಾದರೂ ಕೇಡು.

ನಾಯಿಯಿಂದ ಕಾಡಿಗೆ ಹೋಗುವುದು ಉಪಕಾರವೊಂದೇ ಅಲ್ಲ. ಮೊಂಟಾನಾ ಸಂಸ್ಥಾನದಲ್ಲಿ ೧೯೦೫ರಲ್ಲಿ ತೋಳಗಳನ್ನು ನಿರ್ಮೂಲ ಮಾಡುವ ಉದ್ದೇಶದಿಂದ, ಹಿಡಿದ ತೋಳಗಳಿಗೆ ಕಜ್ಜಿಯ ಹುಳುವನ್ನು ಬೇಕೆಂತಲೇ ಅಂಟಿಸಿ ಬಿಡಬೇಕೆಂದು ಶಾಸನವನ್ನೇ ಮಾಡಿದರು. ಮುಂದೆ ಅದೇ ದೇಶದವರು ೧೯೯೫-೯೬ರಲ್ಲಿ ಬಹಳ ವೆಚ್ಚದಿಂದ ತೋಳಗಳನ್ನು ತಂದು ಯೆಲ್ಲೊಸ್ಟೋನಿನಲ್ಲಿ ಬಿಟ್ಟರು. ೨೦೦೭ರಲ್ಲಿ ಅವುಗಳಲ್ಲಿ ಕಜ್ಜಿಯು ಕಾಣಿಸಿಕೊಂಡಿತು. ಒಮ್ಮೆ ಬಿತ್ತಿದ ರೋಗವು ಬಿತ್ತಿದವರ ಮಾತನ್ನು ಕೇಳುವುದಿಲ್ಲ. ಕರ್ಣಾಟಕದಲ್ಲಿಯೂ ಕೊಪ್ಪಳದ ಬಯಲುಗಳಲ್ಲಿ ತೋಳಗಳಿವೆ. ಅವುಗಳ ರಕ್ಷಣೆಗೆಂದು ೧೯೭೪ರಲ್ಲಿ ಏರ್ಪಟ್ಟ ಅಭಯಾರಣ್ಯವು ಮೇಲುಕೋಟೆಯಲ್ಲಿದೆ. ನಾಯಿ, ತೋಳ, ನರಿ ಇವುಗಳೆಲ್ಲಾ ಒಂದೇ ಕುಲದವಾಗಿರುವುದರಿಂದ ಗೋಮಾಳದ ಅಂಚಿನಲ್ಲಿ ಹುಳುವಿಗೆ ಎಲ್ಲೆಯೆಂಬುದಿಲ್ಲ.

ಹಿಂಡಿನ ಉಪಕಾರ

ಯೆಲ್ಲೊಸ್ಟೋನಿನ ಕಜ್ಜಿ ತೋಳಗಳನ್ನು ಹಲವು ವರ್ಷ ನೋಡಿದ ವಿದ್ವಾಂಸರು ೨೦೧೫ರಲ್ಲಿ ಒಂದು ವಿಶೇಷವನ್ನು ಪ್ರಕಟಿಸಿದರು. ರೋಗ ತಗಲಿದ ತೋಳವು ರೋಮವಿಲ್ಲದೆ ಚಳಿಯಲ್ಲಿ ಮೈಯ ಕಾವನ್ನು ಕಳೆದುಕೊಳ್ಳುತ್ತದೆ, ಬೇಟೆಗೂ ಶಕ್ತಿಸಾಲದು. ಒಂಟಿಯಾಗಿದ್ದರೆ ಬೇಗನೆ ಸಾಯುತ್ತದೆ. ಆದರೆ ಆರೋಗ್ಯವಾದ ಸಂಗಾತಿಗಳು ಹಲವಿರುವ ಹಿಂಡಿನಲ್ಲಿದ್ದರೆ, ಹಿಂಡಿನ ಬೇಟೆಯಲ್ಲಿ ಪಾಲು ದೊರೆಯುವುದರಿಂದ ಅದು ಬದುಕಿ ಉಳಿಯುವ ಸಂಭವವು ಬಹಳ ಹೆಚ್ಚು.

ಊರ ನಾಯಿಗೆ ಹಿಂಡು ಯಾವುದು? ಬೀದಿಯ ಇತರ ನಾಯಿಗಳು ಅದಕ್ಕೆ ಊಟ ತಂದು ಹಾಕುವುದಿಲ್ಲ. ಸಾವಿರಾರು ವರ್ಷಗಳಿಂದ ಅದು ತೋಳದ ಹಿಂಡನ್ನು ಬಿಟ್ಟು ಮನುಷ್ಯರ ಊರನ್ನೇ ಹಿಂಡೆಂದು ನಂಬಿಕೊಂಡು ಬಂದಿದೆ. ಕಾಡುತೋಳವು ತನ್ನ ರೋಗಿಯನ್ನು ಸಹಿಸಿಕೊಳ್ಳುತ್ತಿರಲಾಗಿ, ಊರು ಕಲ್ಲೆಸೆಯುವುದು ಶೋಭಿಸತಕ್ಕದ್ದಲ್ಲ.

ಔಷಧವೂ ಎಚ್ಚರಿಕೆಯೂ

ಕೆಲವರು ಕರುಣೆಯಿಂದಲೇ ನಾಯಿಗೆ ಅಪಾಯ ಮಾಡುತ್ತಾರೆ. ಯಂತ್ರಗಳಿಂದ ತೆಗೆದ ಸುಟ್ಟೆಣ್ಣೆಯನ್ನು ಮೈಗೆ ಬಳಿಯುವುದು, ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನೀರಿಗೆ ಬೆರೆಸಿ ಸುರಿಯುವುದು, ಇವೆರಡೂ ಸರ್ವಥಾ ಕೂಡದು. ನಾಯಿಯು ಮೈಯನ್ನು ನೆಕ್ಕಿ ವಿಷವನ್ನು ಹೊಟ್ಟೆಗೆ ತೆಗೆದುಕೊಳ್ಳುತ್ತದೆ. ಹುಣ್ಣಾದ ಚರ್ಮದ ಮೂಲಕವೂ ವಿಷವು ಒಳಗೆ ಹೋಗುತ್ತದೆ.

ಕಜ್ಜಿಗೆ ಐವರ್‌ಮೆಕ್ಟಿನ್ ಎಂಬ ಔಷಧವು ಬಹು ವರ್ಷಗಳಿಂದ ಬಳಕೆಯಲ್ಲಿದೆ. ಜಪಾನ್ ದೇಶದ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಯಿಂದ ಇದರ ಮೂಲದ್ರವ್ಯವು ಬಂದಿತು. ಅದಕ್ಕಾಗಿ ಓಮುರಾ ಮತ್ತು ಕ್ಯಾಂಪ್‌ಬೆಲ್ ಎಂಬ ಶಾಸ್ತ್ರಜ್ಞರಿಗೆ ೨೦೧೫ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಆದರೆ ಇಲ್ಲಿಯೂ ವಂಶದ ವಿಚಾರವು ಅಡ್ಡ ಬರುತ್ತದೆ. ಕುರಿ ಕಾಯುವ ಕೋಲಿ ಜಾತಿಯ ನಾಯಿಗಳಲ್ಲಿ ಕೆಲವು ಈ ಔಷಧದಿಂದ ಪ್ರಜ್ಞೆತಪ್ಪಿ ಸಾಯುತ್ತಿದ್ದವು. ೨೦೦೧ರಲ್ಲಿ ಅದರ ಕಾರಣವು ತಿಳಿಯಿತು: ಔಷಧವು ಮಿದುಳಿಗೆ ಸೇರದಂತೆ ತಡೆಯುವ ಒಂದು ವಂಶವಾಹಿಯು ಅವುಗಳಲ್ಲಿ ಭಿನ್ನವಾಗಿದೆ. ಅನ್ಯದೇಶದ ತಳಿಗಳನ್ನು ತೋಟಗಳಲ್ಲಿ ಸಾಕಿರುವ ಭೂಮಾಲೀಕರು ಇದನ್ನು ನೆನಪಿಡಬೇಕು. ದನಕುರಿಗಳಿಗೆಂದು ತಂದಿಟ್ಟ ಐವರ್‌ಮೆಕ್ಟಿನ್ನನ್ನು ಕಣ್ಣಂದಾಜಿನಿಂದ ನಾಯಿಗೆ ಚುಚ್ಚುವುದು ಯಾವ ತಳಿಗಾದರೂ ಅಪಾಯವೇ. ಪಶುವೈದ್ಯರೇ ತೂಕವನ್ನು ನೋಡಿ ಪ್ರಮಾಣವನ್ನು ಗೊತ್ತುಮಾಡತಕ್ಕದ್ದು. ಈಚೆಗೆ ಫ್ಲೂರಲನರ್ ಮುಂತಾದ ಗುಳಿಗೆಗಳು ಬಂದಿವೆ. ಒಂದು ಸಲ ನುಂಗಿಸಿದರೆ ಹಲವು ವಾರಗಳವರೆಗೆ ಗುಣವನ್ನು ಕೊಡುವುದರಿಂದ, ಪದೇ ಪದೇ ಹಿಡಿಯಲಾಗದ ಬೀದಿಯ ನಾಯಿಗೆ ಇವು ಅನುಕೂಲ. ಸೆಳವು ಬರುವ ನಾಯಿಗಳಿಗೆ ಇವನ್ನು ಕೊಡುವಾಗ ಎಚ್ಚರಿಕೆ ಬೇಕು.

ಆಕ್ಷೇಪಣೆಗಳು

‘ದನಗಳಿಗೇ ಔಷಧ ಸಾಲದಿರುವಾಗ ನಾಯಿಗೇಕೆ?’ ಎಂದು ಕೇಳುವವರುಂಟು. ದನದ ಔಷಧವನ್ನು ಕಸಿದು ನಾಯಿಗೆ ಕೊಡಬೇಕೆಂದು ಯಾರೂ ಹೇಳುವುದಿಲ್ಲ. ಒಂದು ಹಳ್ಳಿಯ ನಾಯಿಗಳ ಕಜ್ಜಿಗೆ ತಗಲುವ ವೆಚ್ಚವು ಹತ್ತಾರು ಮನೆಗಳಿಗೆ ಹಂಚಿಹೋದರೆ ಯಾರಿಗೂ ಭಾರವಾಗುವಂಥಾದ್ದಲ್ಲ.

‘ಕಜ್ಜಿನಾಯಿಯು ಹುಚ್ಚುನಾಯಿಯೇ, ಕೊಲ್ಲುವುದು ಲೇಸು’ ಎಂಬುದು ಎರಡನೆಯ ಮಾತು. ಇದು ತಪ್ಪು ತಿಳಿವಳಿಕೆ. ಕಜ್ಜಿಯಿಂದ ಹುಚ್ಚು ಬರುವುದಿಲ್ಲ. ನಡತೆಯು ಒಮ್ಮೆಗೇ ಬದಲಾಗಿ, ಕಾರಣವಿಲ್ಲದೆ ಕಚ್ಚುತ್ತಾ, ದವಡೆ ಜೋತು ಜೊಲ್ಲು ಸುರಿಸುವ ನಾಯಿಯನ್ನು ಹುಚ್ಚೆಂದು ಶಂಕಿಸಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸಾಬೂನಿನಿಂದಲೂ ಹರಿಯುವ ನೀರಿನಿಂದಲೂ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳತಕ್ಕದ್ದು. ನಾಯಿಗಳನ್ನು ಕ್ರೂರವಾಗಿ ಕೊಲ್ಲುವುದು ೧೯೬೦ರ ಪ್ರಾಣಿಹಿಂಸಾ ಪ್ರತಿಬಂಧಕ ಶಾಸನದಂತೆ ಅಪರಾಧ. ಕೊಂದರೂ ಪ್ರಯೋಜನವಿಲ್ಲ, ಕಸವೂ ಕೂಳೂ ಇರುವ ಬೀದಿಗೆ ಮುಂದಿನ ಊರಿನ ನಾಯಿಗಳು, ಲಸಿಕೆಯಿಲ್ಲದವು, ಬಂದು ಸೇರುತ್ತವೆ.

‘ಗುಣಪಡಿಸಿದರೆ ನಾಯಿಗಳು ಇನ್ನೂ ಹೆಚ್ಚುತ್ತವೆ’ ಎಂಬ ಮೂರನೆಯ ಆಕ್ಷೇಪಣೆಯಲ್ಲಿ ಹುರುಳಿದೆ. ನಾಯಿಗಳು ಮಿತಿಮೀರಿದ ಊರಿನಲ್ಲಿ ಮಕ್ಕಳಿಗೂ ಕುರಿಮರಿಗಳಿಗೂ ಅಪಾಯವುಂಟು. ಆದಕಾರಣ ಕಜ್ಜಿಯ ಚಿಕಿತ್ಸೆಯೊಂದೇ ಸಾಲದು. ಹುಚ್ಚಿನ ಲಸಿಕೆಯೂ ಸಂತಾನಹರಣ ಚಿಕಿತ್ಸೆಯೂ ಅದರೊಡನೆ ನಡೆಯಬೇಕು. ೨೦೨೩ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಈ ಹೊಣೆಯನ್ನು ಪಂಚಾಯಿತಿಗಳೂ ಸೇರಿದಂತೆ ಸ್ಥಳೀಯ ಸಂಸ್ಥೆಗಳ ಮೇಲೆಯೇ ಇಟ್ಟಿವೆ.

ಮಾಡತಕ್ಕದ್ದೇನು

ಗ್ರಾಮದ ಮುಖಂಡರು ಮೊದಲು ಊರಿನಲ್ಲಿರುವ ನಾಯಿಗಳನ್ನು ಎಣಿಸಿ, ಯಾವ ನಾಯಿಯು ಯಾವ ಕೇರಿಯದು, ಯಾವುದಕ್ಕೆ ರೋಗವಿದೆ ಎಂಬುದನ್ನು ಬರೆದಿಡಬಹುದು. ಅನಂತರ ಪಶುವೈದ್ಯರನ್ನು ಕೇಳಿಕೊಂಡು ಒಂದು ದಿನವನ್ನು ಗೊತ್ತುಮಾಡಿಸಬೇಕು. ತುರಿಕಜ್ಜಿಯಿರುವ ನಾಯಿಯೊಂದಕ್ಕೇ ಔಷಧ ಕೊಟ್ಟು ಅದರ ಜತೆಯಲ್ಲಿ ಮಲಗುವ ನಾಯಿಗಳನ್ನು ಬಿಟ್ಟರೆ ರೋಗವು ಮರುಕಳಿಸುತ್ತದೆ. ಒಂದು ಕೇರಿಯ ನಾಯಿಗಳಿಗೆಲ್ಲಾ ಒಟ್ಟಿಗೆ ಕೊಡಿಸಬೇಕು. ಅವು ಮಲಗುವ ಹಳೆಯ ಗೋಣಿಚೀಲಗಳನ್ನೂ ಹುಲ್ಲನ್ನೂ ಸುಟ್ಟುಬಿಡಬೇಕು. ದಿನವೂ ಕೂಳು ಹಾಕುವ ಮನೆಯವರು ನಾಯಿಯನ್ನು ಹಿಡಿದುಕೊಟ್ಟರೆ ವೈದ್ಯರ ಕೆಲಸವು ಅರ್ಧ ಮುಗಿದಂತೆಯೇ. ಔಷಧದ ವೆಚ್ಚವನ್ನು ಭೂಮಾಲೀಕರು ತಮ್ಮ ತಮ್ಮ ಕಣಗಳನ್ನು ಕಾಯುವ ನಾಯಿಗಳ ಮಟ್ಟಿಗೆ ವಹಿಸಿಕೊಂಡರೂ ಬಹುಪಾಲು ತೀರುತ್ತದೆ. ಶಾಲೆಯ ಮಕ್ಕಳಿಗೆ ಈ ರೋಗದ ವಿಚಾರವನ್ನು ಉಪಾಧ್ಯಾಯರು ತಿಳಿಯಹೇಳಿದರೆ ಕಲ್ಲೆಸೆಯುವ ಕೈಗಳು ಕಡಿಮೆಯಾಗುತ್ತವೆ.

ಸರಿಯಾದ ಚಿಕಿತ್ಸೆಯಾದರೆ ಕೆಲವೇ ವಾರಗಳಲ್ಲಿ ತುರಿಕೆಯು ನಿಂತು, ಬೋಳಾದ ಬೆನ್ನಿನ ಮೇಲೆ ಹೊಸ ರೋಮವು ಮೂಡಲಾರಂಭಿಸುತ್ತದೆ. ಕಟ್ಟೆಯಿಂದ ಅಟ್ಟಿಸಿಕೊಂಡ ನಾಯಿಯು ಮತ್ತೆ ಕಣಕ್ಕೆ ಬಂದು ಮಲಗುತ್ತದೆ. ಹದಿನಾಲ್ಕು ಸಾವಿರ ವರ್ಷಗಳ ಹಿಂದೆ ಮನೆಯೂ ಹೊಲವೂ ಇಲ್ಲದ ಜನರು, ಔಷಧವೇ ಇಲ್ಲದಿದ್ದ ಒಂದು ಜಾಡ್ಯದಿಂದ ನರಳುತ್ತಿದ್ದ ಮರಿಯನ್ನು ವಾರಗಟ್ಟಲೆ ನೋಡಿಕೊಂಡರು. ಹೊಲವೂ ಮನೆಯೂ ಔಷಧವೂ ಇರುವ ಗ್ರಾಮಗಳು ಗುಣವಾಗತಕ್ಕ ರೋಗವನ್ನು ಗುಣಪಡಿಸದೆ ಬಿಡುವುದಕ್ಕೆ ಯಾವ ಕಾರಣವೂ ಉಳಿದಿಲ್ಲ.